ಪೆನ್ಸಿಲಿನ ಏಳು ಗುರುತು

ಜನವರಿ 9

ಮೇಡಂ ಅವರಿಗೆ ನಮಸ್ಕಾರಗಳು.

ನನ್ನ ಪರಿಚಯ ನಿಮಗಿಲ್ಲ. ಹನ್ನೊಂದು ವರ್ಷದ ಹಿಂದೆ ನೀವು ಬಿಟ್ಟುಹೋದ ಪಾತ್ರವನ್ನು ಈಗ ಹಾಡುತ್ತಿರುವವಳು ನಾನು. ಅದೇ ಆಪೆರಾ ಕಂಪನಿ, ಅದೇ ಯಜಮಾನರು, ಅದೇ ‘ಕೋಟೆಬಾಗಿಲು’. ತಮ್ಮನ ಜೀವ ಉಳಿಸಲು ಹೆಂಡತಿ ಕೋಟೆಯ ಬಾಗಿಲು ತೆರೆಯುತ್ತಾಳೆ, ಸೇನಾಪತಿಯಾದ ಗಂಡ ಅವಳ ಕತ್ತು ಹಿಸುಕಿ ಕೊಲ್ಲುತ್ತಾನೆ, ಮೂಲೆಯಲ್ಲಿ ನಿಂತ ದಾಸಿ ಎಲ್ಲವನ್ನೂ ನೋಡುತ್ತಾಳೆ. ನೋಡಿ, ನಿಮಗೆ ನಾನು ಕಥೆ ಹೇಳುತ್ತಿದ್ದೇನೆ! ಹೆದರಿಕೆಗೆ ಏನೇನೋ ಬರೆಯುತ್ತಿದ್ದೇನೆ, ಕ್ಷಮಿಸಿ. ಕಂಪನಿಯಲ್ಲಿ ಎಲ್ಲರೂ ನನ್ನನ್ನು ಗುಬ್ಬಿ ಅನ್ನುತ್ತಾರೆ. ನೀವೂ ಹಾಗೇ ಅನ್ನಬಹುದು.

ಬರೆಯಲು ಕಾರಣ ಇದು. ಕಂಪನಿಯ ಬೀರುವಿನಲ್ಲಿ ನಿಮ್ಮ ಹಳೆಯ ಸ್ವರಪುಸ್ತಕ ಸಿಕ್ಕಿತು. ಕೊನೆಯ ಅಂಕದಲ್ಲಿ, ಗಂಡ, ಹೆಂಡತಿ, ದಾಸಿ ಮೂವರೂ ಒಟ್ಟಿಗೆ ಹಾಡುವ ಕಡೆ, ನಿಮ್ಮ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಏಳು ಇಂಟು ಗುರುತುಗಳಿವೆ. ಹಾಡುವವರೆಲ್ಲ ಉಸಿರು ತೆಗೆಯುವ ಜಾಗಕ್ಕೆ ಗುರುತು ಹಾಕಿಕೊಳ್ಳುತ್ತೇವೆ, ಸರಿ. ಆದರೆ ಇವು ಉಸಿರಿನ ಜಾಗವೇ ಅಲ್ಲ. ಮಾತಿನ ನಟ್ಟನಡುವೆ, ಸ್ವರ ಏರುತ್ತಿರುವಾಗಲೇ! ಮೊದಲು ಹುಚ್ಚು ಅನ್ನಿಸಿತು. ಆಮೇಲೆ ಒಂದು ದಿನ ಅಭ್ಯಾಸದಲ್ಲಿ ನೀವು ಗುರುತು ಹಾಕಿದ ಕಡೆಯೆಲ್ಲ ಉಸಿರು ಕಡಿದು ಹಾಡಿದೆ. ಮೇಡಂ, ವಾದ್ಯದವರು ನುಡಿಸುವುದನ್ನೇ ಮರೆತರು. ವಾದ್ಯದವರ ಮುಂದೆ ನಿಂತು ಕೋಲಾಡಿಸುವ ನಮ್ಮ ಕೋಲಪ್ಪನವರು (ನಿಮ್ಮ ಕಾಲದಲ್ಲೂ ಅವರೇ ಅಲ್ಲವೇ?) ಕರ್ಚೀಫ್ ತೆಗೆದರು. ಮೊನ್ನೆಯ ಪ್ರದರ್ಶನದಲ್ಲಂತೂ ಮುಂದಿನ ಸಾಲು ಬಿಕ್ಕಿ ಬಿಕ್ಕಿ ಅತ್ತಿತು. ಸಾಯುವವಳ ಉಸಿರು ಹೀಗೇ ತುಂಡಾಗಬೇಕೆಂದು ನಿಮಗೆ ಹೇಗೆ ಹೊಳೆಯಿತು?

ಗಂಡನ ಪಾತ್ರ ಈಗಲೂ ಯಜಮಾನರದೇ. ಹಾಡುವಾಗ ಅವರು ಬಲಗೈಯನ್ನು ನನ್ನ ಕತ್ತಿನ ಮೇಲೆ ಇಡುತ್ತಾರೆ. ಜೊತೆಯಲ್ಲಿ ಹಾಡುವವಳ ಉಸಿರು ತಮ್ಮ ಕೈಗೆ ತಿಳಿಯಬೇಕಂತೆ. ನಿಮ್ಮ ಜೊತೆಯೂ ಹಾಗೇ ಹಾಡುತ್ತಿದ್ದರಂತೆ. ನಿಮ್ಮ ವಿಳಾಸ ಕೇಳಿದಾಗ ಕೋಲಪ್ಪನವರು ಮೂರು ದಿನ ಸತಾಯಿಸಿ ಕೊಟ್ಟರು. ‘ಯಜಮಾನ್ರಿಗೆ ಹೇಳ್ಬೇಡಮ್ಮ’ ಅಂದರು. ದೊಡ್ಡವರ ಮನಸ್ತಾಪ, ನನಗೇಕೆ.

ನಿಮ್ಮ ಗುರುತುಗಳಿಗೆ ಕೈ ಮುಗಿಯುವ,
ಗುಬ್ಬಿ


ಜನವರಿ 20

ಗುಬ್ಬಿಗೆ,

ಕಾಗದ ಬಂತು. ಮೇಡಂ ಗೀಡಂ ಬೇಡ, ನಾನು ಬೀಗದಂಗಡಿಯವಳು. ಅಣ್ಣನ ಅಂಗಡಿ. ಅವನು ಬೀಗ ಬಿಚ್ಚುತ್ತಾನೆ, ನಾನು ಮೆಷಿನ್ನಿನಲ್ಲಿ ಕೀ ನಕಲು ಕೊಯ್ಯುತ್ತೇನೆ. ಇಡೀ ದಿನ ಕಿರ್ರ್ ಎನ್ನುವ ಸದ್ದು, ಹಾಗಾಗಿ ಗಿರಾಕಿಗಳ ಜೊತೆ ಮಾತಾಡುವ ಗೋಜಿಲ್ಲ. ಫೋನ್ ಎತ್ತಿದರೆ ‘ಸಾರ್, ಅಂಗಡಿ ಎಷ್ಟೊತ್ತಿಗೆ ತೆಗೀತೀರ?’ ಅನ್ನುತ್ತಾರೆ. ಮೊದಮೊದಲು ನಾನು ಸಾರ್ ಅಲ್ಲ ಎಂದು ಜಗಳ ಕಾಯುತ್ತಿದ್ದೆ. ಈಗ ‘ಒಂಬತ್ತಕ್ಕೆ ಬಾರಪ್ಪ’ ಅಂದುಬಿಡುತ್ತೇನೆ. ಒಂದು ಕಾಲದಲ್ಲಿ ಕಂಚಿನ ಕಂಠ ಎಂದು ನನ್ನ ಹೆಸರೇ ಕಂಚು ಆಗಿತ್ತು. ಕಂಚಿಗೆ ಕಿಲುಬು ಹಿಡಿಯಿತು. ಜ್ವರ ಬಂದು ಗಂಟಲು ಹೋಯಿತು, ಅಷ್ಟೇ ಕಥೆ.

ನೀನು ಕೇಳಿದ ಗುರುತುಗಳನ್ನು ನಿನಗೆಂದು ಹಾಕಿದ್ದಲ್ಲ. ಅಲ್ಲಿ ಉಸಿರು ಕಡಿಯಬೇಡ. ಒಳ್ಳೆಯ ರಬ್ಬರ್ ತೆಗೆದುಕೊಂಡು ಏಳನ್ನೂ ಅಳಿಸಿಹಾಕು. ಉಸಿರು ಬೇಕಾದ ಕಡೆ ತೆಗೆದುಕೋ, ಬೇಡವಾದ ಕಡೆ ಬಿಡು. ಇದಕ್ಕಿಂತ ಹೆಚ್ಚಿನ ಸಂಗೀತ ನನಗೆ ಮರೆತುಹೋಗಿದೆ.

ಯಾರು ಅತ್ತರು, ಯಾರು ಕರ್ಚೀಫ್ ತೆಗೆದರು ಎಂದು ಇನ್ನೊಮ್ಮೆ ಬರೆದೆಯೋ, ಕಾಗದವನ್ನು ಒಡೆಯದೆ ಒಲೆಗೆ ಹಾಕುತ್ತೇನೆ.

ಕಂಚು

ಮರೆತೆ. ಕತ್ತಿಗೆ ಸ್ಕಾರ್ಫ್ ಗೀರ್ಫ್ ಕಟ್ಟಿಕೊಳ್ಳಲು ಶುರು ಮಾಡಿದ್ದೀಯಾ?


ಫೆಬ್ರುವರಿ 17

ಕಂಚು ಅಕ್ಕನಿಗೆ,

ನಿಮ್ಮ ಕೈಯಲ್ಲಿ ಬೈಸಿಕೊಂಡೆನಲ್ಲ, ಅದೇ ಖುಷಿ. ಆದರೆ ರಬ್ಬರ್ ಮುಟ್ಟಲಿಲ್ಲ. ಮನಸ್ಸು ಬರಲಿಲ್ಲ.

ಯಜಮಾನರು ಪುಸ್ತಕ ನೋಡಿದರು. ತುಂಬಾ ಹೊತ್ತು ಆ ಪುಟವನ್ನೇ ನೋಡಿ ಜೋರಾಗಿ ನಕ್ಕರು. ‘ಎಲ್ಲಾ ಬರ್ಕೊಂಡಿದಾಳೆ ನೋಡು! ಶಿಸ್ತಿನ ಹುಡುಗಿ’ ಅಂದರು. ನಿಮ್ಮ ಬಗ್ಗೆ ಅವರಿಗೆ ಕೋಪವಿಲ್ಲ ಅಕ್ಕ, ನಿಮಗೆ ತಿಳಿದಿರಲಿ ಎಂದು ಬರೆದೆ. ಅಂದಿನಿಂದ ದಿನಾ ಬೆಳಿಗ್ಗೆ ಕನ್ನಡಿಯ ಕೋಣೆಯಲ್ಲಿ ನನಗೊಬ್ಬಳಿಗೇ ಪಾಠ. ‘ಸುಳ್ಳು ಉಸಿರು ಹಿಂದಿನ ಸಾಲಿನವ್ರಿಗೂ ಗೊತ್ತಾಗುತ್ತೆ. ನಿಜವಾದ್ದು ಹೇಗಿರುತ್ತೆ ಅಂತ ನಾನು ಕಲಿಸ್ತೀನಿ’ ಅನ್ನುತ್ತಾರೆ. ಕಲಿಯುತ್ತಿದ್ದೇನೆ. ಪ್ರದರ್ಶನ ಮುಗಿದ ಮೇಲೆ ಜನ ಸುಮಾರು ಹೊತ್ತು ಎದ್ದೇಳುವುದೇ ಇಲ್ಲ.

ಹೋದ ವಾರ ಕಾಲು ಜಾರಿ ತಲೆ ಕನ್ನಡಿಗೆ ಬಡಿಯಿತು. ಗೋಡೆಯಷ್ಟು ದೊಡ್ಡ ಕನ್ನಡಿ, ಪೂರ್ತಿ ಚೂರು ಚೂರು. ನೆಲವೆಲ್ಲ ರಕ್ತ. ಮೂರು ಹೊಲಿಗೆ ಹಾಕಿದರು, ಕೂದಲೊಳಗೆ ಇರುವುದರಿಂದ ಕಾಣುವುದಿಲ್ಲ. ಯಜಮಾನರೇ ಡಾಕ್ಟರನ್ನು ಕರೆಸಿ, ‘ಹಾಡೋವಾಗ ಈ ಹುಡುಗಿಗೆ ಮೈಮೇಲೆ ಜ್ಞಾನ ಇರಲ್ಲ ಡಾಕ್ಟ್ರೇ’ ಅಂದರು. ಎಲ್ಲರೂ ನಕ್ಕೆವು.

ಸ್ಕಾರ್ಫಿನ ವಿಷಯ ನಿಮಗೆ ಹೇಗೆ ಗೊತ್ತಾಯಿತು? ಇಲ್ಲಿ ಚಳಿ ಜಾಸ್ತಿ, ಅದಕ್ಕೇ. ಒಂದು ಮಾತು ಕೇಳಲೇ? ನಿಮಗೆ ಜ್ವರ ಬಂದಾಗ ನುಂಗುವುದಕ್ಕೆ ಕಷ್ಟವಾಗುತ್ತಿತ್ತೇ? ಎಂಜಲು ನುಂಗಿದರೂ ಕಿವಿಯವರೆಗೆ ನೋವು ಬರುತ್ತಿತ್ತೇ? ಅದಕ್ಕೆ ಏನು ಮದ್ದು ಮಾಡಿದಿರಿ? ನನಗೆ ಜ್ವರವಿಲ್ಲ. ಸುಮ್ಮನೆ ಕೇಳಿದೆ.

ಗುಬ್ಬಿ


ಫೆಬ್ರುವರಿ 22

ಗುಬ್ಬಿ,

ನಿನ್ನ ಕಾಗದ ಓದುತ್ತಾ ಮೆಷಿನ್ನಿಗೆ ಬೆರಳು ಕೊಟ್ಟೆ. ಅಣ್ಣ ಓಡಿ ಬಂದು ‘ಎಲ್ಲಿಟ್ಟಿದೀಯೇ ಕಣ್ಣು!’ ಎಂದು ಬೈದು ಬಟ್ಟೆ ಸುತ್ತಿದ. ಈ ಹಾಳೆಯ ಮೇಲಿನ ಕಲೆ ಅದೇ. ಒಳ್ಳೆಯದೇ ಆಯಿತು, ಇನ್ನು ಸುಳ್ಳು ಬರೆಯಲು ಕೈ ಬರುತ್ತಿಲ್ಲ.

ನನಗೆ ಯಾವ ಜ್ವರವೂ ಬರಲಿಲ್ಲ. ಆ ಏಳು ಗುರುತುಗಳು ನಿನ್ನ ಯಜಮಾನನ ಹೆಬ್ಬೆರಳು.

ದಾಸಿ ಆ ಮೂವರ ಹಾಡಿನಲ್ಲಿ ಏಳು ಸಲ ‘ನೋಡಿದೆ’ ಅನ್ನುತ್ತಾಳಲ್ಲ, ಪ್ರತಿ ಸಲವೂ ಜೊತೆಗೆ ದೊಡ್ಡ ನಗಾರಿ ಬೀಳುತ್ತದೆ. ಅವನು ಒತ್ತುತ್ತಿದ್ದದ್ದು ಸರಿಯಾಗಿ ಆಗ. ನನ್ನ ಗಂಟಲಿನಿಂದ ಏನು ಸದ್ದು ಬಂದರೂ ನಗಾರಿಯಲ್ಲಿ ಮುಚ್ಚಿಹೋಗಬೇಕು, ಹಾಗೆ ಆರಿಸಿದ್ದ ರಾಕ್ಷಸ. ಮೊದಲು ಎರಡು ಕಡೆ, ಆಮೇಲೆ ನಾಲ್ಕು, ಕೊನೆಗೆ ಏಳು. ಎಲ್ಲಿ ಬೀಳುತ್ತದೆಂದು ಗೊತ್ತಿದ್ದರೆ ಅದಕ್ಕೆ ಮೊದಲೇ ಒಂದಿಷ್ಟು ಉಸಿರು ಕದ್ದಿಟ್ಟುಕೊಳ್ಳಬಹುದೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೆ. ದಾರಿಯಲ್ಲಿ ಹಳ್ಳ ಇದ್ದರೆ ಕಲ್ಲಿಡುತ್ತಾರಲ್ಲ, ಹಾಗೆ. ನೀನು ಹುಡುಕಿಕೊಂಡು ಹೋಗಿ ಹಳ್ಳಕ್ಕೇ ಬಿದ್ದೆ.

ಜನ ಅಳುತ್ತಿದ್ದರು. ಅವನು ಪರದೆಯ ಹಿಂದೆ ‘ನೋಡ್ದ್ಯಾ? ನೋವಿಲ್ದೆ ನಾದ ಇಲ್ಲ’ ಅನ್ನುತ್ತಿದ್ದ. ನಾನೂ ನಂಬಿದೆ. ಇದನ್ನೂ ಹೇಳಿಬಿಡುತ್ತೇನೆ, ಆ ದಿನಗಳಲ್ಲಿ ಹಾಡಿದಷ್ಟು ಚೆನ್ನಾಗಿ ನಾನು ಜನ್ಮದಲ್ಲಿ ಹಾಡಿರಲಿಲ್ಲ. ಅದಕ್ಕೇ ಬಾಯಿ ಬಿಡಲಿಲ್ಲ. ಕೊನೆಯ ದಿನ ಏಳನೆಯ ಗುರುತಿನ ಹತ್ತಿರ ಗಂಟಲಿನೊಳಗೆ ಒಣ ಕಡ್ಡಿ ಮುರಿದ ಸದ್ದಾಯಿತು. ಹೊರಗೆ ಯಾರಿಗೂ ಕೇಳಿಸಲಿಲ್ಲ, ನನಗೆ ಒಳಗಿನಿಂದಲೇ ಕೇಳಿಸಿತು. ಬಿದ್ದೆ. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು, ಎಷ್ಟು ಚೆನ್ನಾಗಿ ಸತ್ತಳು ಎಂದು. ಬಾಯಿ ತುಂಬ ರಕ್ತ ಇಟ್ಟುಕೊಂಡು ಬಿದ್ದಲ್ಲೇ ಆ ಚಪ್ಪಾಳೆ ಕೇಳಿದೆ. ಅವನು ನನ್ನ ರಟ್ಟೆ ಹಿಡಿದು ಎಬ್ಬಿಸಿ ಜನಕ್ಕೆ ನಮಸ್ಕಾರ ಮಾಡಿಸಿದ. ಆಸ್ಪತ್ರೆಯಲ್ಲಿ ನಾನೇ ಜ್ವರ ಅಂದೆ. ಕತ್ತಿನ ಮೇಲೆ ಐದು ಬೆರಳು ಮೂಡಿದ್ದರೂ ಡಾಕ್ಟರು ಜ್ವರ ಎಂದೇ ಬರೆದುಕೊಂಡರು.

ಇನ್ನೂ ಒಂದಿದೆ. ಇದನ್ನೆಲ್ಲ ಮೊದಲ ಕಾಗದಕ್ಕೇ ಬರೆಯಬಹುದಿತ್ತು. ಬರೆಯಲಿಲ್ಲ. ಮುಂದಿನ ಸಾಲು ಅತ್ತಿತು ಎಂದು ಬರೆದಿದ್ದೆಯಲ್ಲ, ನನ್ನ ಹೊಟ್ಟೆ ಉರಿಯಿತು. ಇವಳಿಗೂ ಒಂದು ಸಲ ಬೀಳಲಿ, ಆಗ ಗೊತ್ತಾಗುತ್ತದೆ ಅನ್ನಿಸಿತು. ನಿನ್ನ ತಲೆಯ ಮೂರು ಹೊಲಿಗೆಯಲ್ಲಿ ಒಂದು ನಾನು ಹಾಕಿಸಿದ್ದು.

ಈ ಕಾಗದ ಸಿಕ್ಕ ಕೂಡಲೇ ಹೊರಡು. ಬಟ್ಟೆಬರೆ ಹಾಳಾಗಿ ಹೋಗಲಿ. ಉಟ್ಟ ಬಟ್ಟೆಯಲ್ಲಿ ಬಂದುಬಿಡು.

ಕಂಚು


ಮಾರ್ಚ್ 3

ಮೇಡಂ,

ಹೊಟ್ಟೆ ಉರಿಯಿತು ಎಂದು ನೀವೇ ಒಪ್ಪಿಕೊಂಡಿದ್ದೀರಿ. ಅದೊಂದೇ ನಿಜ, ಮಿಕ್ಕಿದ್ದೆಲ್ಲ ಅದರ ಹೊಗೆ. ನಿಮ್ಮ ಗಂಟಲು ಹೋಯಿತು, ಪಾಪ. ಅದಕ್ಕೆ ನನ್ನ ಗಂಟಲೂ ಸುಮ್ಮನಾಗಬೇಕೇ?

ಯಜಮಾನರು ಕಠಿಣ ಮನುಷ್ಯರು, ಹೌದು. ಕೈ ಜೋರು, ಹೌದು. ಆದರೆ ಬೀದಿಯಲ್ಲಿ ಹಾಡುತ್ತಿದ್ದವಳನ್ನು ಕರೆತಂದು, ಮನೆಯ ಮಹಡಿಯಲ್ಲಿ ಕೋಣೆ ಕೊಟ್ಟು, ಅಕ್ಷರದಿಂದ ಹಿಡಿದು ಕಲಿಸಿದವರು ಅವರು. ನೀವು ಹೋದಿರಿ, ಅವರು ಉಳಿದರು. ಇನ್ನು ನನಗೆ ಬರೆಯಬೇಡಿ.

ಗುಬ್ಬಿ


ಏಪ್ರಿಲ್ 4

ಬರೆಯಬೇಡ ಅಂದೆ. ಬರೆಯುತ್ತಿಲ್ಲ.

ಜೊತೆಗಿರುವುದು ನಮ್ಮ ಮನೆಯ ಮುಂಬಾಗಿಲಿನ ಕೀ. ನಾನೇ ಕೊಯ್ದದ್ದು. ಮೊದಮೊದಲು ಸ್ವಲ್ಪ ಬಿಗಿ ಅನ್ನಿಸುತ್ತದೆ, ಎಡಕ್ಕೆ ಒತ್ತಿ ತಿರುಗಿಸಬೇಕು. ವಿಳಾಸ ನಿನ್ನ ಹತ್ತಿರವೇ ಇದೆ.

ಕಂಚು


ಮೇ 30

ಅಕ್ಕ,

ಅಕ್ಷರ ಸೊಟ್ಟಗಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ.

ನೀವು ಕಳಿಸಿದ ಕೀ ಯಜಮಾನನ ಕೈಗೆ ಸಿಕ್ಕಿತ್ತು. ‘ಯಾವ ಬಾಗಿಲಿಂದು?’ ಅಂದ. ನನ್ನ ಪೆಟ್ಟಿಗೆಯದು ಅಂದೆ. ನಿಧಾನವಾಗಿ ನನ್ನ ಬಲಗೈ ಹಿಡಿದುಕೊಂಡು, ಪಿಯಾನೋದ ಅಂಚಿನ ಮೇಲಿಟ್ಟು, ಮುಚ್ಚಳ ಹಾಕಿ ಅದರ ಮೇಲೆ ಕೂತ. ಎರಡು ಬೆರಳು ಮುರಿದವು. ಕೂಗಿಕೊಂಡೆ. ‘ಈ ಕೂಗು ಯಾವ ಸ್ವರದಲ್ಲಿದೆ ಹೇಳು’ ಅಂದ. ಹೇಳುವ ತನಕ ಏಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಕೋಲಪ್ಪನವರು ಗಡಿಯಾರ ನೋಡಿಕೊಂಡು ಹೊರಟುಹೋದರು. ಅವನು ನೆಲಕ್ಕೆ ಎಸೆದುಹೋದ ಕೀ ಈಗ ನನ್ನ ಶೂ ಒಳಗಿದೆ. ನಡೆದಾಗಲೆಲ್ಲ ಹಿಮ್ಮಡಿಗೆ ಚುಚ್ಚುತ್ತದೆ.

ಮಾರ್ಚಿನ ಕಾಗದ ಬರೆದ ಕೈಯೇ ಮುರಿದಿದೆ ಅಕ್ಕ. ಅದಕ್ಕಿಂತ ಹೆಚ್ಚು ಕ್ಷಮೆ ಹೇಗೆ ಕೇಳುವುದೋ ತಿಳಿಯದು.

ಹೊರಡಬಹುದು. ಇವತ್ತೇ ಹೊರಡಬಹುದು. ಆದರೆ ಕೇಳಿ. ನಾಟಕದ ಮನೆ ರಿಪೇರಿಗೆ ಮುಚ್ಚಿದೆ. ಜೂನ್ 21ರಂದು ‘ಕೋಟೆಬಾಗಿಲ’ನ್ನು ಬರೀ ಕಛೇರಿಯಾಗಿ ಹಾಡುತ್ತೇವೆ. ವೇಷವಿಲ್ಲ, ಕೋಟೆಯಿಲ್ಲ, ಕತ್ತಿಯಿಲ್ಲ. ಮೂವರೂ ಕಪ್ಪು ಬಟ್ಟೆಯಲ್ಲಿ, ಎದುರಿಗೊಂದೊಂದು ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಹಾಳೆ, ನಡುವೆ ಎರಡು ಮಾರು ಜಾಗ, ದೃಷ್ಟಿ ನೇರ ಸಭೆಯ ಕಡೆ. ಅಲ್ಲಾಡುವಂತಿಲ್ಲ. ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ. ಏನು ಮಾಡುವುದಿದ್ದರೂ ಗಂಟಲಲ್ಲೇ ಮಾಡಬೇಕು.

ಅವನು ನಗುತ್ತಾನೆ. ‘ನನ್ನ ಕೈ ಇಲ್ದೆ ನೀನೇನೇ ಹಾಡ್ತೀಯ? ಚಿಂವ್ ಅಂದ್ರೆ ಪಕ್ಕದ ಗುಬ್ಬಿಗೂ ಕೇಳ್ಸಲ್ಲ’ ಅನ್ನುತ್ತಾನೆ. ಅಕ್ಕ, ಆ ಸ್ವರ ನನ್ನದೋ ಅವನ ಹೆಬ್ಬೆರಳಿನದೋ ನನಗೆ ಗೊತ್ತಾಗಬೇಕು. ಒಂದೇ ಒಂದು ಸಲ ಅವನ ಕೈಯಿಲ್ಲದೆ ಅದನ್ನು ಕೊನೆಯವರೆಗೂ ಹಾಡಬೇಕು. ಈಗಲೇ ಓಡಿಬಂದರೆ ಜೀವ ಉಳಿಯುತ್ತದೆ, ಆದರೆ ಇದೊಂದನ್ನು ಸಾಯುವ ತನಕ ಕೇಳಿಕೊಳ್ಳುತ್ತಿರುತ್ತೇನೆ.

ದಾಸಿಯ ಪಾತ್ರದವಳು ಹೆರಿಗೆಗೆ ಹೋಗಿದ್ದಾಳೆ. ದಾಸಿಗೆ ಇರುವುದು ಒಂದೇ ಮಾತು, ಒಂದೇ ತಗ್ಗಿನ ಸ್ವರ, ಏಳು ಸಲ. ಫೋನಿನಲ್ಲಿ ಸಾರ್ ಅನ್ನುತ್ತಾರೆ ಎಂದಿದ್ದಿರಲ್ಲ, ಆ ಸ್ವರ ಸಾಕು. ಕೋಲಪ್ಪನವರಿಗೆ ಹೇಳಿದೆ. ಅವರು ನನ್ನ ಬೆರಳಿನ ಪಟ್ಟಿ ನೋಡುತ್ತಾ ‘ಬರ್ತಾಳಾ?’ ಅಂದರು. ಅವನಿಗೆ ಯಾರೋ ಹೊಸಬಳು ಎಂದಷ್ಟೇ ಹೇಳುತ್ತಾರಂತೆ.

ಬರುತ್ತೀರಾ?

ಗುಬ್ಬಿ


ಜೂನ್ 5

ಲೇ ಗುಬ್ಬಿ,

ನಿನಗೆ ತಲೆ ನೆಟ್ಟಗಿದೆಯೇನೇ? ಬೆರಳು ಮುರಿದವನ ಪಕ್ಕದಲ್ಲಿ ನಿಂತು ಹಾಡುತ್ತೀಯಾ? ಜೊತೆಗೆ ನಾನು ಬೇರೆ? ಹನ್ನೊಂದು ವರ್ಷದಿಂದ ನಾನು ಜೋಗುಳ ಕೂಡ ಹಾಡಿಲ್ಲ. ನನ್ನ ಗಂಟಲು ಈಗ ತುರಿಯುವ ಮಣೆ. ಅವನ ನೆರಳು ಬಿದ್ದರೆ ಉಚ್ಚೆ ಹೊಯ್ದುಕೊಳ್ಳುತ್ತೇನೆ, ಗೊತ್ತಾ? ಬರುವುದಿಲ್ಲ, ಆಗುವುದಿಲ್ಲ, ಇನ್ನೊಂದು ಸಲ ಕೇಳಬೇಡ.

ಇಷ್ಟನ್ನು ನಿನ್ನೆ ಬರೆದಿಟ್ಟಿದ್ದೆ. ಇವತ್ತು ಬೆಳಿಗ್ಗೆ ಕೀ ಕೊಯ್ಯುತ್ತಿರುವಾಗ ಅಣ್ಣ ಬಂದು ನನ್ನ ಮುಖವನ್ನೇ ನೋಡುತ್ತಾ ನಿಂತ. ‘ಏನೋ?’ ಅಂದೆ. ‘ಹಾಡ್ತಿದೀಯಲ್ಲೇ’ ಅಂದ. ನನಗೇ ಗೊತ್ತಿರಲಿಲ್ಲ. ನಮ್ಮ ಮೆಷಿನ್ನು ಕಿರ್ರ್ ಎನ್ನುತ್ತದಲ್ಲ, ಅದು ದಾಸಿಯ ಸ್ವರವೇ ಕಣೇ. ಇಷ್ಟು ವರ್ಷ ಅದರ ಪಕ್ಕದಲ್ಲೇ ಕೂತಿದ್ದೆ. ಸಂಜೆಯವರೆಗೂ ಅದರ ಜೊತೆ ನೋಡಿದೆ, ನೋಡಿದೆ ಎಂದು ಹಾಡಿದೆ. ಒಬ್ಬ ಗಿರಾಕಿ ಹೆದರಿ ಬೀಗ ಬಿಟ್ಟು ಓಡಿಹೋದ.

ಬರುತ್ತೇನೆ. ಅಣ್ಣನೂ ಬರುತ್ತಾನೆ. ಸುತ್ತಿಗೆ ತರುತ್ತೇನೆ ಅಂದ. ಸುತ್ತಿಗೆ ಬೇಡ, ಹಿಂದಿನ ಸಾಲಿನಲ್ಲಿ ತೆಪ್ಪಗೆ ಕೂತಿರು ಅಂದಿದ್ದೇನೆ.

ನನ್ನ ಸ್ಟ್ಯಾಂಡು ನಿಮ್ಮಿಬ್ಬರ ನಡುವೆ ಇರುತ್ತದೆ. ಕೋಲಪ್ಪ ಒಪ್ಪದಿದ್ದರೂ ಇರುತ್ತದೆ. ನೀನು ಯಾವ ಗುರುತಿನ ಹತ್ತಿರವೂ ಉಸಿರು ಕಡಿಯಬೇಡ. ಆ ಏಳು ಜಾಗದಲ್ಲೂ ನಾನಿರುತ್ತೇನೆ, ನೀನು ಒಂದೇ ಉಸಿರಿನಲ್ಲಿ ದಾಟಿಕೊಂಡು ಹೋಗು. ಏನೇ ಆದರೂ ನಿಲ್ಲಿಸಬೇಡ. ಮುಗಿದ ತಕ್ಷಣ ಅತ್ತ ಇತ್ತ ನೋಡದೆ ನಮ್ಮ ಮನೆಗೆ ಹೋಗು. ಕೀ ಶೂನಲ್ಲೇ ಇರಲಿ.

ಕಂಚು


ಜೂನ್ 29

ಅಕ್ಕ,

ನಿಮ್ಮ ಮನೆಯಿಂದ ಬರೆಯುತ್ತಿದ್ದೇನೆ. ಕೀ ಬಿಗಿಯಾಗಿಯೇ ಇತ್ತು, ಎಡಕ್ಕೆ ಒತ್ತಿ ತಿರುಗಿಸಿದೆ.

ನಿಮಗೆ ಮಾತಾಡಲು ಆಗುತ್ತಿಲ್ಲ, ಆಸ್ಪತ್ರೆಯಲ್ಲಿ ಸ್ಲೇಟಿನ ಮೇಲೆ ‘ಆಮೇಲೇನಾಯ್ತು’ ಎಂದು ಬರೆದು ಬರೆದು ತೋರಿಸುತ್ತಿದ್ದೀರಿ ಎಂದು ಅಣ್ಣ ಫೋನ್ ಮಾಡಿದ್ದರು. ಅವರು ಹೇಳಿದರೆ ನೀವು ನಂಬುವುದಿಲ್ಲವಂತೆ. ಅದಕ್ಕೆ ನಾನೇ ಬರೆಯುತ್ತಿದ್ದೇನೆ. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಪೂರ್ತಿ ಒಮ್ಮೆ ಬರೆದುಬಿಡಬೇಕು.

ಮಧ್ಯಾಹ್ನ ನಾಲ್ಕು ಗಂಟೆ, ಸಭಾಂಗಣದ ಎಲ್ಲ ದೀಪ ಹಚ್ಚಿದ್ದರು. ನೀವು ಪಕ್ಕದ ಬಾಗಿಲಿನಿಂದ ಬಂದು, ಸ್ಟ್ಯಾಂಡನ್ನು ಎತ್ತಿಕೊಂಡು ನಡೆದು, ನಮ್ಮಿಬ್ಬರ ನಡುವೆ ಠಣ್ ಎಂದು ಇಟ್ಟಿರಿ. ಸಭೆಯ ಎದುರಿಗೆ ಅವನು ಏನೂ ಮಾಡುವಂತಿರಲಿಲ್ಲ. ತುಟಿ ಅಲ್ಲಾಡಿಸದೆ ‘ಏನು, ಜ್ವರ ಬಿಡ್ತಾ?’ ಅಂದ. ನೀವು ‘ಇವತ್ತು ಬಿಡುತ್ತೆ’ ಅಂದಿರಿ. ನನಗೆ ನಗು ಬಂತು.

ಮೂವರ ಹಾಡು ಶುರುವಾಯಿತು. ಅವನು ದೊಡ್ಡ ಹಾಡುಗಾರ ಅಕ್ಕ, ಅದನ್ನು ಇಲ್ಲವೆನ್ನಲು ಆಗುವುದಿಲ್ಲ. ಎರಡು ಮಾರು ದೂರದಿಂದ ಬರೀ ಸ್ವರದಲ್ಲೇ ನನ್ನ ಕತ್ತು ಹಿಡಿದ. ಸಭೆಯಲ್ಲಿದ್ದವರೆಲ್ಲ ಕುರ್ಚಿಗೆ ಒತ್ತಿಕೊಂಡು ಕೂತರು. ಕೈಯಿಲ್ಲದೆಯೂ ನನ್ನ ಉಸಿರು ಕಟ್ಟಿತು. ಇಷ್ಟೇ ನಾನು, ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಮೊದಲ ಗುರುತು ಬಂತು, ನಗಾರಿ ಬಿತ್ತು, ನೀವು ‘ನೋಡಿದೆ’ ಅಂದಿರಿ.

ಅದು ಚೆನ್ನಾಗಿರಲಿಲ್ಲ ಅಕ್ಕ. ಕಬ್ಬಿಣಕ್ಕೆ ಅರ ಉಜ್ಜಿದ ಹಾಗಿತ್ತು. ಮುಂದಿನ ಸಾಲಿನ ಹೆಂಗಸೊಬ್ಬಳು ಮುಖ ಹಿಂಡಿದಳು. ಆದರೆ ಆ ಸ್ವರದ ಮೇಲೆ ಕಾಲಿಡಬಹುದಿತ್ತು. ಇಟ್ಟೆ. ಉಸಿರು ಕಡಿಯದೆ ದಾಟಿದೆ. ಎರಡನೆಯದು ದಾಟಿದೆ. ಮೂರನೆಯದರ ಹೊತ್ತಿಗೆ ಅವನನ್ನು ಮರೆತೆ. ಅವನ ಕೋಪ, ಅದರ ಮೇಲೆ ನನ್ನ ಅಳು, ಎರಡಕ್ಕೂ ಕೆಳಗೆ ನಿಮ್ಮ ಒಂದೇ ಮಾತು. ಕೊಲೆಯಾಗುವವಳ ಹಾಡನ್ನು ಕೊಲೆಯಾಗದೆಯೂ ಹಾಡಬಹುದು ಎಂದು ನನಗೆ ಅವತ್ತು ತಿಳಿಯಿತು. ವಯಲಿನ್ನಿನ ಮುದುಕ ಕಣ್ಣೀರು ಒರೆಸಿಕೊಳ್ಳದೆ ನುಡಿಸುತ್ತಿದ್ದ. ಯಾರಿಗೂ ಏಟು ಬಿದ್ದಿರಲಿಲ್ಲ, ಆದರೂ ಎಲ್ಲರಿಗೂ ನೋಯುತ್ತಿತ್ತು.

ಐದನೆಯದರಲ್ಲಿ ಅವನ ಸ್ವರ ಒಡೆಯಿತು. ಅದನ್ನು ಮುಚ್ಚಲು ಕಿರುಚಿದ, ತಾಳ ಬಿಟ್ಟು ಮುಂದೆ ಓಡಿದ. ಕೋಲಪ್ಪನವರು ಜೀವಮಾನದಲ್ಲಿ ಮೊದಲ ಸಲ ಅವನ ಹಿಂದೆ ಹೋಗಲಿಲ್ಲ. ಕೋಲನ್ನು ನಿಮ್ಮ ಕಡೆಗೇ ಹಿಡಿದರು. ಏಳನೆಯದನ್ನು ನೀವು ಸಭೆಗೆ ಹಾಡಲಿಲ್ಲ. ತಿರುಗಿ ಅವನ ಮುಖಕ್ಕೆ ಹಾಡಿದಿರಿ. ನಿಮಗೆ ನೆನಪಿರುವುದು ಅಲ್ಲಿಗೆ.

ಅವನು ಎರಡೂ ಕೈಯಲ್ಲಿ ನಿಮ್ಮ ಕತ್ತು ಹಿಡಿದ. ಸ್ಟ್ಯಾಂಡು ಉರುಳಿತು, ಹಾಳೆಗಳು ಚೆಲ್ಲಿದವು. ನಾಟಕದ ಮನೆಯಲ್ಲಾಗಿದ್ದರೆ ಆಗಲೇ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಕೋಟೆ ಇರಲಿಲ್ಲ, ಸೇನಾಪತಿ ಇರಲಿಲ್ಲ. ಕಪ್ಪು ಕೋಟು ಹಾಕಿದ ಒಬ್ಬ ಮನುಷ್ಯ ಪೂರ್ತಿ ಬೆಳಕಿನಲ್ಲಿ ಒಬ್ಬ ಹೆಂಗಸಿನ ಕತ್ತು ಹಿಸುಕುತ್ತಿದ್ದ. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಯಾರೋ ‘ಅಯ್ಯಯ್ಯೋ, ನಿಜವಾಗ್ಲೂ ಸಾಯಿಸ್ತಿದಾನೆ!’ ಎಂದು ಚೀರಿದರು.

ಅಕ್ಕ, ಈಗ ಬರೆಯಬೇಕಾದದ್ದು. ನನ್ನ ಕೊನೆಯ ಸ್ವರ ಎಂಟು ಎಣಿಕೆಯದು. ಅವನು ನಿಮ್ಮ ಕತ್ತು ಹಿಡಿದದ್ದು ನಾಲ್ಕಕ್ಕೆ. ನಾನು ನಿಲ್ಲಿಸಲಿಲ್ಲ. ಕಣ್ಣ ತುದಿಯಲ್ಲಿ ನಿಮ್ಮ ಕಾಲು ಒದ್ದಾಡುವುದು ಕಾಣುತ್ತಿತ್ತು. ಎಂಟರವರೆಗೂ ಹಾಡಿದೆ. ನೀವು ಬರೆದಿದ್ದ ಒಣ ಕಡ್ಡಿಯ ಸದ್ದು ನನಗೆ ಕೇಳಿಸಿತು. ಆದರೂ ಮುಗಿಸಿಯೇ ಬಾಯಿ ಮುಚ್ಚಿದೆ.

ಆಮೇಲೆ ನನ್ನ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಎತ್ತಿ ಹೊಡೆದೆ. ಮೊದಲು ಅವನ ಮಣಿಕಟ್ಟಿಗೆ. ಕೈ ಬಿಟ್ಟ. ಆಮೇಲೆ ಮುಖಕ್ಕೆ. ದವಡೆ ಪಕ್ಕಕ್ಕೆ ಹೋಯಿತು, ಹಲ್ಲುಗಳು ನನ್ನ ಹಾಳೆಗಳ ಮೇಲೆ ಬಿದ್ದವು. ಅವನು ಬಿದ್ದ ಮೇಲೂ ಹೊಡೆದೆ. ನಿಮ್ಮ ಅಣ್ಣ ಓಡಿಬಂದು ನನ್ನ ಸೊಂಟ ಹಿಡಿದು ಎಳೆದರು, ಕೋಲಪ್ಪನವರು ಸ್ಟ್ಯಾಂಡು ಕಿತ್ತುಕೊಂಡರು. ಬದುಕಿದ್ದಾನೆ. ಇನ್ನು ಹಾಡುವುದು ಸುಳ್ಳು ಎಂದು ಡಾಕ್ಟರು ಹೇಳಿದರಂತೆ. ಎಷ್ಟು ಏಟು ಹೊಡೆದೆ ಎಂದು ಪೊಲೀಸರು ಕೇಳಿದರು. ಎಣಿಸಲಿಲ್ಲ ಅಂದೆ. ಸುಳ್ಳು. ಏಳು.

ನಾಲ್ಕು ಎಣಿಕೆ ಅಕ್ಕ. ನಾಲ್ಕರಲ್ಲೇ ನಿಲ್ಲಿಸಿದ್ದರೆ ನಿಮ್ಮ ಗಂಟಲು ಉಳಿಯುತ್ತಿತ್ತು. ನನಗೆ ಆ ಸ್ವರ ಬೇಕಾಗಿತ್ತು. ನನಗೂ ಅವನಿಗೂ ಏನು ವ್ಯತ್ಯಾಸ ಎಂದು ನಿಮ್ಮ ಅಡುಗೆಮನೆಯಲ್ಲಿ ಕೂತು ಯೋಚಿಸುತ್ತೇನೆ. ಬೈದು ಬರೆಯಿರಿ. ಬೈಯದಿದ್ದರೆ ತಡೆಯಲಾರೆ.

ಗುಬ್ಬಿ


ಜುಲೈ 8

ಗುಬ್ಬಿ,

ಇನ್ನು ಮಾತಿಲ್ಲ ಎಂದು ಡಾಕ್ಟರು ಹೇಳಿಯಾಯಿತು. ತುರಿಯುವ ಮಣೆಯೂ ಹೋಯಿತು. ಗಿರಾಕಿಗಳು ಇನ್ನು ಯಾರನ್ನು ಸಾರ್ ಅನ್ನುತ್ತಾರೋ. ಅಂಗಡಿಯ ಫೋನ್ ನೀನೇ ಎತ್ತು. ಒಂಬತ್ತಕ್ಕೆ ಬಾರಪ್ಪ ಅನ್ನು.

ಬೈಯಲು ಹೇಳಿದ್ದೀಯ. ಎಣಿಸಿದವಳು ನೀನೊಬ್ಬಳೇ ಅಂದುಕೊಂಡೆಯಾ? ಕಣ್ಣು ಕತ್ತಲಿಟ್ಟಿತ್ತು, ಕಿವಿ ತೆರೆದೇ ಇತ್ತು. ಐದಕ್ಕೆ ಭೇಷ್ ಅಂದುಕೊಂಡೆ. ಆರಕ್ಕೆ, ಸಾಕು ಬಿಡೇ, ಸಾಯ್ತಿದೀನಿ ಅನ್ನಿಸಿತು. ನಿನ್ನ ಮೇಲೆ ಸಿಟ್ಟು ಬಂತು, ಬರಲಿಲ್ಲ ಎಂದು ಬರೆಯುವುದಿಲ್ಲ. ಈಗಲೂ ನೀರು ನುಂಗುವಾಗ ಒಮ್ಮೊಮ್ಮೆ ಬರುತ್ತದೆ. ಏಳಕ್ಕೆ, ಇಲ್ಲ, ಇದನ್ನು ಮುಗಿಸಲಿ ಅನ್ನಿಸಿತು. ಎಂಟರ ತನಕ ಕೇಳಿದೆ. ನನ್ನ ಜೀವಮಾನದಲ್ಲಿ ಎಷ್ಟೋ ಗಂಟಲು ಕೇಳಿದ್ದೇನೆ. ಆ ಸ್ವರದಲ್ಲಿ ಯಾರ ಹೆಬ್ಬೆರಳೂ ಇರಲಿಲ್ಲ ಕಣೇ. ಅದು ನಿನ್ನದೇ. ನಿನಗೆ ಗೊತ್ತಾಗಬೇಕಿದ್ದದ್ದು ಅದೊಂದೇ ತಾನೆ, ಗೊತ್ತಾಯಿತಲ್ಲ. ನಿಲ್ಲಿಸಬೇಡ ಅಂದವಳು ನಾನು. ನಾಲ್ಕು ಎಣಿಕೆಯಲ್ಲಿ ಎರಡು ನಿನ್ನದು, ಎರಡು ನನ್ನದು. ಮೂರು ಹೊಲಿಗೆಯಲ್ಲಿ ಒಂದು ನನ್ನದಾದ ಹಾಗೆ. ಅವನು ಎಂದಾದರೂ ಅಡುಗೆಮನೆಯಲ್ಲಿ ಕೂತು ಹೀಗೆ ಯೋಚಿಸಿದ್ದನೇ? ವ್ಯತ್ಯಾಸ ಅಷ್ಟೇ. ಸಾಕು.

ನಿನ್ನೆ ಪೊಲೀಸರ ಜೊತೆ ಡಾಕ್ಟರು ಬಂದರು. ಅವರೇ ಕಣೇ, ಹನ್ನೊಂದು ವರ್ಷದ ಹಿಂದೆ ಜ್ವರ ಎಂದು ಬರೆದುಕೊಂಡವರು. ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ಗುರುತು ಹಿಡಿದರು. ಹಾಳೆ ತಿರುವಿ, ‘ಕಾರಣ ಅಂತ ಇದೆ, ಇಲ್ಲೇನು ಬರೀಲಿ ಅಮ್ಮ?’ ಅಂದರು. ತಲೆ ಎತ್ತಲಿಲ್ಲ. ನಾನು ಅವರ ಕೈಯಿಂದ ಪೆನ್ನು ಕಿತ್ತುಕೊಂಡು ದೊಡ್ಡದಾಗಿ ‘ಹೆಬ್ಬೆರಳು’ ಎಂದು ಬರೆದೆ. ಪಕ್ಕದಲ್ಲಿ ಎರಡು ತಾರೀಕು ಹಾಕಿದೆ, ಈ ಸಲದ್ದು, ಆ ಸಲದ್ದು. ಡಾಕ್ಟರು ಎರಡರ ಕೆಳಗೂ ಸಹಿ ಮಾಡಿದರು.

ಕೋಲಪ್ಪನೂ ಬಂದಿದ್ದ. ಎರಡು ಪುಟ ಬರೆದುಕೊಟ್ಟಿದ್ದಾನೆ, ಕನ್ನಡಿ, ಪಿಯಾನೋ, ಎಲ್ಲ. ಪ್ರತಿಯೊಂದು ಸಾಲಿನ ಕೊನೆಗೂ ನಾನು ನೋಡಿದೆ, ನಾನು ನೋಡಿದೆ ಎಂದಿದೆ. ಮುಖಕ್ಕೆ ಉಗಿಯಬೇಕು ಅನ್ನಿಸಿತು. ಗಂಟಲು ನೋಯುತ್ತದೆ, ಅದಕ್ಕೆ ಬಿಟ್ಟೆ. ನೀನೂ ಏಟು ಎಣಿಸಲಿಲ್ಲ ಎಂದು ಸುಳ್ಳು ಹೇಳಬೇಡ. ಏಳು ಎಂದೇ ಹೇಳು. ಯಾಕೆ ಏಳು ಎಂದು ಕೇಳುತ್ತಾರೆ. ಕೇಳಲಿ, ತೋರಿಸೋಣ.

ನನ್ನ ಸ್ವರಪುಸ್ತಕ ನಿನ್ನ ಪೆಟ್ಟಿಗೆಯಲ್ಲಿದೆ ಎಂದು ಅಣ್ಣ ಹೇಳಿದ. ಜನವರಿಯಲ್ಲಿ ನಾನು ರಬ್ಬರ್ ಹಾಕು ಎಂದಿದ್ದೆ, ಪುಣ್ಯಕ್ಕೆ ನೀನು ನನ್ನ ಮಾತು ಕೇಳಲಿಲ್ಲ. ಸೋಮವಾರ ಹತ್ತು ಗಂಟೆಗೆ ಪೊಲೀಸರು ಅದನ್ನು ಕೇಳುತ್ತಾರೆ. ಒಂದೂ ಅಳಿಸದೆ ತೆಗೆದುಕೊಂಡು ಬಾ.

ಕಂಚು